ಜೂನ್ ಒಂದರಂದು ಹುಟ್ಟಿದವರು

ಹಕ್ಕುಗಳ ಬಗ್ಗೆ ಮಾತನಾಡುವುದೆಂದರೆ ನನಗೆ ಮೊದಲಿನಿಂದಲೂ ಬಲು ಪ್ರೀತಿ. ಬೇರೆಯವರ ಹಕ್ಕಾದರೆ ಇನ್ನೂ ಪ್ರೀತಿ, ನಮ್ಮ ಕೈಯಿಂದ ಏನೂ ಹೋಗುವುದಿಲ್ಲ. ಮುಂಡಗೋಡದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಪತ್ರಿಕೆಯಲ್ಲಿ ಯಾವ ತೀರ್ಪು ಬಂದರೂ ಸ್ಟಾಫ್ ರೂಮಿನಲ್ಲಿ ಅದನ್ನು ನಾನೇ ಬರೆದವನಂತೆ ವಿವರಿಸುತ್ತೇನೆ. ಗಣಿತದ ಮೇಡಂ ಆಗ ಕಿಟಕಿಯ ಹೊರಗೆ ನೋಡುತ್ತಾರೆ. ಮನೆಯಲ್ಲಿ ಟಿವಿ ಚರ್ಚೆಯ ವಕೀಲರಿಗೂ ಕುಳಿತಲ್ಲಿಂದಲೇ ಉತ್ತರ ಕೊಡುವುದುಂಟು. "ಅವ್ರಿಗೆ ಕೇಳ್ಸೂದಿಲ್ರಿ, ರೊಟ್ಟಿ ಆರಾಕತ್ತಾವು" ಎನ್ನುತ್ತಾಳೆ ಹೆಂಡತಿ. ನ್ಯಾಯದ ವಿಷಯದಲ್ಲಿ ರೊಟ್ಟಿ ಆರಿದರೆ ಆರಲಿ ಎಂಬುದು ನನ್ನ ನಿಲುವು.

ತಾಶಿಯ ತಲೆ ಕೆಡಿಸಿದ್ದೂ ಈ ಬಾಯಿಚಪಲವೇ. ತಾಶಿ ಟಿಬೆಟನ್ ಕಾಲೊನಿಯವನು, ಗೋವಿನಜೋಳ ಬೆಳೆಯುತ್ತಾನೆ. ಅವನ ಹೆಂಡತಿ ರಸ್ತೆ ಬದಿಗೆ ಚಿಕ್ಕ ಹೋಟೆಲು ಇಟ್ಟಿದ್ದಾಳೆ. ನನ್ನ ಸಂಜೆಯ ಚಹಾ ಅಲ್ಲಿಯೇ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಅವನ ಕನ್ನಡ ಕೇಳಿದರೆ ಹುಬ್ಬಳ್ಳಿಯವನೇ ಅನ್ನಬೇಕು. ಕಾಗದದಲ್ಲಿ ಮಾತ್ರ ನಿರಾಶ್ರಿತ. ಸ್ವಿಟ್ಜರ್ಲೆಂಡಿನಲ್ಲಿದ್ದ ಅವನ ಅಕ್ಕ ಹಾಸಿಗೆ ಹಿಡಿದಿದ್ದಳು. ಒಮ್ಮೆ ಮುಖ ನೋಡಿ ಬರಬೇಕೆಂದು ಇವನಿಗೆ ಆಸೆ. ಪಾಸ್‌ಪೋರ್ಟಿನ ಬದಲಿಗೆ ಕೊಡುವ ನಿರಾಶ್ರಿತರ ಪ್ರಯಾಣ ಪುಸ್ತಕಕ್ಕೆ ವೀಸಾ ಸಿಕ್ಕಿರಲಿಲ್ಲ.

ನಾನು ಸುಮ್ಮನಿರುವವನೆ? "ನೀ ಇಲ್ಲೇ ಹುಟ್ಟೀದಿ. ನಿನ್ನ ವಯಸ್ಸಿನವ್ರು ಹುಟ್ಟಿನಿಂದಲೇ ಈ ದೇಶದ ಪ್ರಜೆಗಳು ಅಂತ ಕೋರ್ಟ್ ಹೇಳೇತಿ. ಪಾಸ್‌ಪೋರ್ಟ್ ನಿನ್ನ ಹಕ್ಕು" ಎಂದೆ.

"ಬ್ಯಾಡ್ರಿ ಮಾಸ್ತರ್ರ, ನಾಳೆ ನೀ ನಿರಾಶ್ರಿತ ಅಲ್ಲ, ಕಾಲೊನಿ ಮನಿ ಬಿಡು ಅಂದ್ರ ಎಲ್ಲಿಗೆ ಹೋಗ್ಲಿ?"

"ಅಂಜತಿ ಯಾಕ? ನಾ ಅದೀನಲ್ಲ."

ಅವನು ನಂಬಿದ. ಅರ್ಜಿ ಹಾಕಿ, ಗುರುತಿನವರು ಎಂದು ನನ್ನ ಹೆಸರನ್ನೇ ಕೊಟ್ಟ. ಒಂದು ಭಾನುವಾರ ಪೊಲೀಸಪ್ಪ ಕಾಗದ ಹಿಡಿದು ಮನೆಗೆ ಬಂದ. ವಯಸ್ಸಾದ ಮನುಷ್ಯ, ಮೆತ್ತಗಿನ ಮಾತು. ತಾಶಿ ಹುಟ್ಟಿದ್ದು ಕಾಲೊನಿಯ ದವಾಖಾನೆಯಲ್ಲಿ. ಅವನ ಜನನ ಪತ್ರದಲ್ಲಿ ದಿನ, ಗಳಿಗೆ, ತೂಕ ಎಲ್ಲ ನಮೂದಾಗಿ ಠಸ್ಸೆ ಬಿದ್ದಿತ್ತು. ಪೊಲೀಸಪ್ಪ ಅದನ್ನು ಪಕ್ಕಕ್ಕಿಟ್ಟು, ಸಾಕ್ಷಿದಾರನಾದ ನನ್ನ ಜನ್ಮದಿನಾಂಕ ಕೇಳಿದ.

"ಜೂನ್ ಒಂದು" ಎಂದೆ.

ಅವನು ತಲೆಯೆತ್ತಿ ನಕ್ಕ. "ನಂದೂ ಅದ ರೀ."

ನಮ್ಮ ಕಡೆ ಆ ಕಾಲದ ಮಕ್ಕಳು ತಾಯಿಯ ಹೊಟ್ಟೆಯಿಂದ ಯಾವಾಗ ಬಂದರೂ ಶಾಲೆಯ ಲೆಕ್ಕದಲ್ಲಿ ಹುಟ್ಟುತ್ತಿದ್ದುದು ಜೂನ್ ಒಂದಕ್ಕೇ. ಹೆಡ್‌ಮಾಸ್ತರರು ಹುಡುಗನ ಹಲ್ಲು ನೋಡಿ ಇಸವಿ ಹಾಕುತ್ತಿದ್ದರು. ನಾನು ಮಳೆಗಾಲ ಮುಗಿಯುವ ಶೀಗಿ ಹುಣ್ಣಿವೆಯ ಆಚೀಚೆ, ಎಮ್ಮೆ ಕರು ಹಾಕಿದ ವಾರದಲ್ಲಿ ಹುಟ್ಟಿದ್ದೆಂದು ಅವ್ವ ಹೇಳುತ್ತಿದ್ದಳು. ಇಸವಿಯ ವಿಷಯದಲ್ಲಿ ಅವಳಿಗೂ ಎಮ್ಮೆಗೂ ಒಮ್ಮತವಿರಲಿಲ್ಲ. ಹೀಗೆ ಹುಟ್ಟಿದ್ದಕ್ಕೆ ಪುರಾವೆಯೇ ಇಲ್ಲದ ನಾವಿಬ್ಬರು, ಪುರಾವೆಯಿದ್ದವನು ಈ ನೆಲದವನೋ ಅಲ್ಲವೋ ಎಂದು ತೀರ್ಮಾನಿಸಲು ಅವಲಕ್ಕಿ ತಿನ್ನುತ್ತ ಕುಳಿತೆವು. ನಮ್ಮನ್ನು ಯಾರೂ ಎಂದೂ ಕೇಳಿರಲಿಲ್ಲ, ಕೇಳುವುದೂ ಇಲ್ಲ.

"ಇಲ್ಲೊಂದು ಸಹಿ ಮಾಡ್ರಿ ಸರ. ಮುಂದ ಏನರ ತಕರಾರು ಬಂದ್ರ ಕರೀತೇವಿ, ಅಷ್ಟ."

ಈ 'ಅಷ್ಟ' ಎಂಬುದು ನನಗೆ ಅಷ್ಟೇ ಎನಿಸಲಿಲ್ಲ. ನಿವೃತ್ತಿ ಹತ್ತಿರವಿತ್ತು. ಪಿಂಚಣಿ ಕಡತಕ್ಕೆ ಪೊಲೀಸ್ ಠಾಣೆಯ ಗಾಳಿಯೂ ತಾಗಬಾರದು ಎಂದು ಗುಮಾಸ್ತರು ಹೇಳಿದ್ದರು. "ಅಂವಾ ಹುಟ್ಟೂದನ್ನ ನಾ ಏನ್ ಕಂಡೀನ್ರಿ? ವಿಚಾರ ಮಾಡಾಕ ಒಂದ್ ದಿನಾ ಕೊಡ್ರಿ" ಎಂದುಬಿಟ್ಟೆ.

ಅವನು ಹೋದ ಮೇಲೆ ಹೆಂಡತಿ ತಟ್ಟೆ ಎತ್ತುತ್ತ, "ದಿನಾ ಅವನ ಚಾ ಕುಡಿಯಾಕ ವಿಚಾರ ಮಾಡ್ತೀರೇನು?" ಎಂದಳು. ಮರುದಿನ ರಜೆ ಬರೆದು ಹಳಿಯಾಳದ ತಮ್ಮನ ಮನೆಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ತಮ್ಮನೊಂದಿಗೆ ಪೌರತ್ವದ ಬಗ್ಗೆ ಎರಡು ದಿನ ಚರ್ಚೆ ಮಾಡಿದೆ. ಬಹಳ ಚೆನ್ನಾಗಿ ಮಾತನಾಡಿದೆ ಎಂದು ನೆನಪು. ತಿರುಗಿ ಬರುವಷ್ಟರಲ್ಲಿ, ಗುರುತಿನವರು ದೃಢಪಡಿಸಿಲ್ಲ ಎಂದು ಕಾಗದ ಹಿಂದಕ್ಕೆ ಹೋಗಿತ್ತು.

ತಾಶಿ ಬೈಯಲಿಲ್ಲ. ಬೈದಿದ್ದರೆ ನಾನು ವಾದ ಮಾಡಿ ಗೆಲ್ಲುತ್ತಿದ್ದೆ. ಚಹಾ ತಂದಿಟ್ಟು, "ಪೊಲೀಸ್ ಅಂದ್ರ ಯಾರಿಗೂ ಅಂಜಿಕಿ ಇರ್ತೈತ್ರಿ" ಎಂದ. ಮತ್ತೆ ಅರ್ಜಿ ಹಾಕುವ ಮಾತೂ ಆಯಿತು. ಅದಕ್ಕೆ ಮೊದಲೇ, ಒಂದು ಸಂಜೆ ಹೋಟೆಲಿನ ಬಾಗಿಲು ಹಾಕಿತ್ತು. ಅವನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. "ಅಕ್ಕ ಹ್ವಾದ್ಳ್ರಿ. ಫೋನಿನ್ಯಾಗ ಮುಖ ತೋರ್ಸಿದ್ರು" ಎಂದ.

ನನಗೆ ನಾಚಿಕೆಯಾಯಿತು, ಸಂಕಟವಾಯಿತು. "ಕಾಗದ ತಾ ತಾಶಿ, ಈಗ ಸಹಿ ಹಾಕ್ತೇನಿ" ಎಂದೆ.

"ಈಗ ಎಲ್ಲಿಗೆ ಹೋಗ್ಲಿ ಮಾಸ್ತರ್ರ?" ಎಂದು ಅವನು ಒಳಗೆ ಹೋಗಿ ನನಗೆ ಕುರ್ಚಿ ತಂದ.

ನಿನ್ನೆ ಹೆಡ್‌ಮಾಸ್ತರರು ಕರೆದು, ಸಂವಿಧಾನ ದಿನದಂದು ನಾಗರಿಕರ ಹಕ್ಕುಗಳ ಬಗ್ಗೆ ನೀವೇ ಮಾತನಾಡಬೇಕು, ನಿಮ್ಮಷ್ಟು ತಿಳಿದವರು ಈ ಶಾಲೆಯಲ್ಲಿ ಇನ್ನೊಬ್ಬರಿಲ್ಲ ಎಂದರು. ವಿಚಾರ ಮಾಡಲು ಒಂದು ದಿನವನ್ನೂ ಕೇಳದೆ ಒಪ್ಪಿಕೊಂಡೆ.