ಕುಣಿತದ ಕೊಂಬು

ನನ್ನ ಕೆಂಪು ಪೆನ್ನು ಏಳು ತಿಂಗಳಿಂದ ನನ್ನ ಹೆಂಡತಿಯ ಬೀರುವಿನಲ್ಲಿ, ಅವಳ ಬೂದು ಸ್ವೆಟರಿನ ಕೆಳಗೆ ಸೆರೆಯಲ್ಲಿದೆ. ಜಾಮೀನು ಸಿಕ್ಕಿಲ್ಲ. ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದು ನನಗೆ ಗೊತ್ತು. ಆದರೆ ತೆಗೆಯುವ ಧೈರ್ಯ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಹೇಳಿದ ಮೇಲೆ ನೀವೂ ಅವಳ ಪಕ್ಷವನ್ನೇ ವಹಿಸುತ್ತೀರಿ ಅನ್ನುವುದೂ ಗೊತ್ತು.

ನಾನು ಒಂದು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು. ಅಚ್ಚಾಗುವ ಮುಂಚೆ ಕಾಗದದ ಮೇಲೆ ಎಲ್ಲೆಲ್ಲಿ ತಪ್ಪಿದೆ ಎಂದು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಕೆಲಸ. ಎಷ್ಟೋ ದೊಡ್ಡವರ ದೀರ್ಘಗಳನ್ನು ಎಳೆದಿದ್ದೇನೆ, ಎಷ್ಟೋ ಪಂಡಿತರ ಒತ್ತಕ್ಷರಗಳನ್ನು ಒತ್ತಿದ್ದೇನೆ, ಬೇಡದ ಕಡೆ ಬೆಳೆದ ಕೊಂಬುಗಳನ್ನು ಕತ್ತರಿಸಿದ್ದೇನೆ. ಒಂದೇ ಒಂದು ತಪ್ಪು ನನ್ನ ಕಣ್ಣು ತಪ್ಪಿಸಿ ಅಚ್ಚಾಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿಕೊಳ್ಳುತ್ತಿದ್ದೇನೆ.

ನಿವೃತ್ತಿಯಾದದ್ದು ನೌಕರಿಗೆ, ಕಣ್ಣಿಗಲ್ಲ. ಮನೆಯಲ್ಲಿ ಹೆಂಡತಿ ಬರೆದಿಟ್ಟ ದಿನಸಿ ಚೀಟಿ, ಔಷಧಿ ಡಬ್ಬಿಯ ಮೇಲಿನ ಸೂಚನೆ, ಎದುರು ಮನೆಯವರ ಗೇಟಿನ 'ನಾಯಿ ಇದೇ ಎಚ್ಚರೀಕೆ', ಎಲ್ಲದರ ಮೇಲೂ ನನ್ನ ಪೆನ್ನು ಓಡಾಡಿತು. (ಎದುರು ಮನೆಯ ನಾಯಿಗೆ ಅದು ಹಿಡಿಸಲಿಲ್ಲ.) ಮದುವೆಗೆ ಮುಂಚೆ ನನ್ನವಳು ನನಗೆ ಬರೆದ ಮೊದಲ ಪತ್ರದಲ್ಲಿ ಎರಡು ಮಹಾಪ್ರಾಣಗಳು ಬಿಟ್ಟುಹೋಗಿದ್ದವು. ಪ್ರೀತಿಯಿಂದಲೇ ತಿದ್ದಿ ವಾಪಸು ಕಳಿಸಿದ್ದೆ. ಎರಡನೆಯ ಪತ್ರ ಬರಲಿಲ್ಲ. ಆದರೂ ಮದುವೆಯಾಯಿತು. ಅದು ಅವಳ ದೊಡ್ಡತನ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಹಳೆಯ ಪ್ರೆಸ್ಸಿನ ಮಾಲೀಕರು ಒಂದು ಪುಟದ ಕರಡು ಕಳಿಸಿದರು. ನಮ್ಮ ಬಡಾವಣೆಯಲ್ಲಿ ಹಿರಿಯರ ಕಲಿಕಾ ಕೇಂದ್ರ ಅಂತ ಒಂದಿದೆ. ಅರವತ್ತು ದಾಟಿದವರು ಅಲ್ಲಿ ಚಿತ್ರ ಬಿಡಿಸುತ್ತಾರೆ, ಹೊಲಿಗೆ ಹಾಕುತ್ತಾರೆ, ಮೊಬೈಲಿನಲ್ಲಿ ಬೆರಳು ಎಲ್ಲಿಡಬೇಕು ಎಂದು ಕಲಿಯುತ್ತಾರೆ. ಅದನ್ನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು. ಅವರ ಹೊಸ ತರಗತಿಯ ಪ್ರಕಟಣೆ ಅದು. 'ನಿಮ್ಮ ಕಣ್ಣಿಗೆ ಒಮ್ಮೆ ಬಿದ್ದರೆ ನಮಗೆ ಧೈರ್ಯ' ಎಂದು ಮಾಲೀಕರು ಮೇಲೆ ಬರೆದಿದ್ದರು. ಆ ಸಾಲನ್ನು ಎರಡು ಸಲ ಓದಿದೆ. ತಪ್ಪಿರಲಿಲ್ಲ.

ಪ್ರಕಟಣೆ ಹೀಗಿತ್ತು: 'ಹಿರಿಯರಿಗೆ ಕುಣಿತ. ಪ್ರತಿ ಶನಿವಾರ ಬೆಳಿಗ್ಗೆ. ಹೆಜ್ಜೆ ಹೆಜ್ಜೆಯಾಗಿ ಕಲಿಸಲಾಗುವುದು. ಸಡಿಲ ಉಡುಪಿನಲ್ಲಿ ಬನ್ನಿ. ಮಂಡಿ ನೋವಿದ್ದವರು ಮೊದಲೇ ತಿಳಿಸಿ.'

ನನಗೆ ನಗು ಬಂತು. ಬಸ್ಸು ಹತ್ತುವಾಗ ಕಂಡಕ್ಟರ್ ಕೈ ಕೊಡಬೇಕಾದ ವಯಸ್ಸಿನವರಿಗೆ ಕುಣಿತವೇ? ಅಕ್ಷರ ಜೋಡಿಸಿದವನು ನಿದ್ದೆಗಣ್ಣಿನಲ್ಲಿದ್ದಾನೆ. 'ಕ' ತೆಗೆದು 'ಗ' ಮಾಡಿದೆ, ಕೊಂಬು ಕತ್ತರಿಸಿದೆ. 'ಹಿರಿಯರಿಗೆ ಗಣಿತ' ಎಂದಾಯಿತು. ಮೂರಕ್ಷರದ ಪದದಲ್ಲಿ ಒಂದೂವರೆ ತಪ್ಪು! 'ಹೆಜ್ಜೆ ಹೆಜ್ಜೆಯಾಗಿ' ಸರಿ, ಗಣಿತವನ್ನು ಹಾಗೆಯೇ ಕಲಿಸಬೇಕು. ಆದರೆ ಲೆಕ್ಕ ಮಾಡಲು ಸಡಿಲ ಉಡುಪು ಯಾಕೆ? 'ಸರಳ' ಎಂದು ತಿದ್ದಿದೆ. ಕೊನೆಯ ಸಾಲಿನಲ್ಲಂತೂ ತಪ್ಪು ತಾನಾಗಿಯೇ ಎದ್ದು ನಿಂತಿತ್ತು. ಗಣಿತಕ್ಕೂ ಮಂಡಿಗೂ ಏನು ಸಂಬಂಧ? ಮಂಡೆಗಾದರೆ ಇದೆ. 'ಮಂಡೆ ನೋವಿದ್ದವರು ಮೊದಲೇ ತಿಳಿಸಿ' ಎಂದು ಮಾಡಿ, ಕೆಳಗೆ ಸಹಿ ಹಾಕಿ, ಅಚ್ಚಿಗೆ ಕಳಿಸಿದೆ. ಒಂದು ಪುಟದಲ್ಲಿ ಮೂರು ತಪ್ಪು ಹಿಡಿದ ಖುಷಿಗೆ ಆ ದಿನ ಎರಡು ಲೋಟ ಕಾಫಿ ಕುಡಿದೆ.

ಹತ್ತು ದಿನ ಕಳೆಯಿತು. ನನ್ನವಳು ಹೊರಗಿನಿಂದ ಬಂದವಳೇ ಚಪ್ಪಲಿಯನ್ನು ಒಂದು ಆ ಮೂಲೆಗೆ, ಒಂದು ಈ ಮೂಲೆಗೆ ಬಿಟ್ಟು ಕುರ್ಚಿಯಲ್ಲಿ ಕುಸಿದಳು.

"ಏನಾಯ್ತೇ?"

"ಏನೂ ಆಗಿಲ್ಲ. ಮರ್ಯಾದೆ ಹೋಯ್ತು ಅಷ್ಟೇ."

"ಯಾರದು?"

"ನಂದು. ನನ್ನ ಜೊತೆ ಇನ್ನೂ ಹನ್ನೊಂದು ಜನರದ್ದು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮಗೆ ಹೇಳಿರಲಿಲ್ಲ. ಹೇಳಿದ್ರೆ ಹಲ್ಲು ಕಿಸೀತೀರಿ ಅಂತ. ನಾವು ಹನ್ನೆರಡು ಜನ ಹೆಂಗಸರು ಸಹಿ ಹಾಕಿ ಕಲಿಕಾ ಕೇಂದ್ರಕ್ಕೆ ಅರ್ಜಿ ಕೊಟ್ಟಿದ್ವಿ."

"ನಲ್ಲಿ ನೀರಿಗೆ ಅಂತ ಸಹಿ ತಗೋತಿದ್ದೆಯಲ್ಲ, ಅದಾ?"

"ನಲ್ಲಿ ನೀರಿಗಲ್ಲ. ಕುಣಿತಕ್ಕೆ."

ನನ್ನ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟೆ.

"ಶಾಲೇಲಿ ನಾನು ಉದ್ದ ಇದ್ದೆ ಅಂತ ಪ್ರತಿ ವರ್ಷ ಹಿಂದಿನ ಸಾಲಲ್ಲಿ ನಿಲ್ಲಿಸೋರು. ಕೈ ಮಾತ್ರ ಕಾಣ್ತಿತ್ತಂತೆ, ನಮ್ಮಮ್ಮ ಹೇಳ್ತಿದ್ರು. ಮಂಡಿ ಪೂರ್ತಿ ಕೆಡೋಕ್ಕಿಂತ ಮುಂಚೆ ಒಂದ್ಸಲ ಮುಂದಿನ ಸಾಲಲ್ಲಿ ನಿಂತು ಕುಣೀಬೇಕು ಅಂತ ಆಸೆ ಇತ್ತು. ಪೋಸ್ಟ್‌ಮಾಸ್ಟರು ಹೂಂ ಅಂದಿದ್ರು. ಇವತ್ತು ನೋಡಿದ್ರೆ ಗೇಟಿನ ಮೇಲೆ ದಪ್ಪಕ್ಷರದಲ್ಲಿ ಏನಂತ ಹಾಕಿದಾರೆ ಗೊತ್ತಾ? 'ಹಿರಿಯರಿಗೆ ಗಣಿತ'. ಅಂದ್ರೆ ಏನರ್ಥ? ಈ ವಯಸ್ಸಲ್ಲಿ ಕುಣಿಯೋ ಹುಚ್ಚು ಬಿಡಿ, ಹೋಗಿ ಲೆಕ್ಕ ಕಲೀರಿ ಅಂತ! ಅದೂ ಸಾಲದು ಅಂತ 'ಮಂಡೆ ನೋವಿದ್ದವರು' ಅಂತ ಬೇರೆ. ನಮ್ಮ ತಲೆ ಸರಿ ಇಲ್ಲ ಅಂತಾನೇ ಅಲ್ವಾ?"

"ಹಾಗಿರಲಿಕ್ಕಿಲ್ಲ..."

"ಮತ್ತೆ ಹೇಗೆ? ಉಳಿದವರೆಲ್ಲ ನಾಚಿಕೆಯಾಗಿ ಹೆಸರು ವಾಪಸ್ ತಗೊಂಡ್ರು."

ಇಲ್ಲಿ ನಾನು ಸತ್ಯ ಹೇಳಬಹುದಿತ್ತು. ಬಾಯಿಯನ್ನೂ ತೆರೆದೆ. "ಅಚ್ಚಿನಲ್ಲಿ ಏನೋ ತಪ್ಪಾಗಿರಬೇಕು" ಎಂದೆ. ಅದು ಸುಳ್ಳಲ್ಲ. ಆದರೆ ಅವಳ ಕಣ್ಣಂಚಿನಲ್ಲಿ ನೀರಿತ್ತು. ಮೂವತ್ತನಾಲ್ಕು ವರ್ಷದ ಹೆಸರು ಒಂದು ಕಡೆ, ಇವಳು ಒಂದು ಕಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದಿನ ನಾನು ಹೆಸರನ್ನೇ ಉಳಿಸಿಕೊಂಡೆ.

ಶನಿವಾರ ಬೆಳಿಗ್ಗೆ ಅವಳು ಸಿದ್ಧಳಾಗಿ ನಿಂತಳು. "ನಡೀರಿ. ಪೋಸ್ಟ್‌ಮಾಸ್ಟರ ಮುಖದ ಮೇಲೆ ಕೇಳ್ಬೇಕು. ನೀವು ಸಾಕ್ಷಿ."

"ನಂಗೆ ಸೊಂಟ..."

"ನಾನೇನು ನಿಮ್ಮನ್ನ ಕುಣಿಸ್ತಿಲ್ಲ. ನಡೀರಿ."

ಕೇಂದ್ರದ ದೊಡ್ಡ ಕೋಣೆಯಲ್ಲಿ ಹತ್ತೊಂಬತ್ತು ಜನ ಹಿರಿಯರು ಸಾಲಾಗಿ ಕುಳಿತಿದ್ದರು. ಎಲ್ಲರ ಮುಂದೆಯೂ ಹೊಸ ನೋಟುಪುಸ್ತಕ, ಕೆಲವರ ಮುಂದೆ ಕಂಪಾಸ್ ಪೆಟ್ಟಿಗೆ. ಎದುರಿಗೆ ಸಡಿಲ ಪೈಜಾಮದಲ್ಲಿ ಒಬ್ಬ ಗಟ್ಟಿಮುಟ್ಟಾದ ಹೆಂಗಸು, ಹಾಡು ಹಾಕುವ ಪೆಟ್ಟಿಗೆ ಹಿಡಿದು ಕಲ್ಲಿನಂತೆ ನಿಂತಿದ್ದಳು. ಆಕೆ ಕುಣಿತ ಕಲಿಸಲು ಬಂದ ನಿವೃತ್ತ ನರ್ಸು.

"ಎದ್ದೇಳಿ. ಕೈ ಮೇಲೆ," ಎನ್ನುತ್ತಿದ್ದಳು ನರ್ಸು, ಚುಚ್ಚುಮದ್ದು ಕೊಡುವ ದನಿಯಲ್ಲಿ. "ಉಸಿರು ಬಿಡಿ. ನೋವಾಗಲ್ಲ."

ಮುಂದಿನ ಸಾಲಿನ ನಿವೃತ್ತ ಕ್ಯಾಷಿಯರ್ ಕೈ ಎತ್ತಿದರು, ಆದರೆ ಪ್ರಶ್ನೆ ಕೇಳಲು. "ಮೇಡಂ, ಮೊದಲು ಬೀಜಗಣಿತವೋ ರೇಖಾಗಣಿತವೋ?"

"ಮೊದಲು ಬಲಗಾಲು," ಎಂದಳು ನರ್ಸು.

ಕ್ಯಾಷಿಯರ್ ಅದನ್ನೂ ಬರೆದುಕೊಂಡರು. ಅವರ ಪಕ್ಕದಲ್ಲಿದ್ದವರು ತಮಗೆ ಮಂಡೆ ನೋವಿರುವುದಕ್ಕೆ ಡಾಕ್ಟರ ಚೀಟಿಯನ್ನೇ ತಂದಿದ್ದರು.

ನನ್ನ ಹೆಂಡತಿ ಪೋಸ್ಟ್‌ಮಾಸ್ಟರನ್ನು ಹಿಡಿದಳು. "ನಮ್ಮನ್ನ ಲೆಕ್ಕ ಕಲೀರಿ ಅಂತ ಹಂಗಿಸೋಕೆ ಇದೇ ದಾರಿ ಸಿಕ್ತಾ ನಿಮಗೆ?"

"ಅಯ್ಯೋ ಅಮ್ಮಾ, ನಾನು ಕುಣಿತ ಅಂತಾನೇ ಬರೆದುಕೊಟ್ಟಿದ್ದು! ಅಚ್ಚಾಗಿ ಬಂದಿದ್ದನ್ನ ಓದಲಿಲ್ಲ, ಮೊಹರು ಹೊಡೆದು ಅಂಟಿಸಿದೆ. ಬೆಳಿಗ್ಗೆ ಇವರನ್ನೆಲ್ಲ ನೋಡಿದ ಮೇಲೆ ಪ್ರೆಸ್ಸಿಂದ ಕರಡು ತರಿಸಿದೀನಿ. ನೋಡಿ, ಯಾರೋ ಮಹಾನುಭಾವರು ಕುಳಿತು ತಿದ್ದಿದಾರೆ."

ಕೆಂಪು ಶಾಯಿ ಕಿಟಕಿಯ ಬೆಳಕಿಗೆ ಹೊಳೆಯಿತು. ಸಹಿ ಓದುವ ಅಗತ್ಯವೂ ಅವಳಿಗೆ ಬರಲಿಲ್ಲ. 'ಗ'ದ ಬಾಲ ನೋಡಿದಳು, ನನ್ನನ್ನು ನೋಡಿದಳು.

"ರೀ."

ನಮ್ಮ ದಾಂಪತ್ಯದಲ್ಲಿ ಈ ಒಂದಕ್ಷರಕ್ಕೆ ನೂರಾರು ಅರ್ಥಗಳಿವೆ. ಇದು ನಾನು ಕೇಳಿರದ ಒಂದು.

"ಅರವತ್ತು ದಾಟಿದವರಿಗೆ ಕುಣಿತ ಅಂದ್ರೆ ತಪ್ಪಿರಬೇಕು ಅಂದ್ಕೊಂಡೆ ಕಣೇ," ಎಂದೆ.

"ಕೇಳಬಹುದಿತ್ತಲ್ಲ?"

"ನನಗೆ ಯಾವತ್ತೂ ಕೇಳೋ ಪ್ರಮೇಯ ಬಂದಿಲ್ಲ."

"ನಿಮಗೇನು ತಲೆ ಮೇಲೆ ಕೊಂಬಿದೆಯಾ?"

ಹತ್ತೊಂಬತ್ತು ಜನ ನೋಟುಪುಸ್ತಕ ಮುಚ್ಚಿ ಕೇಳುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ. ಕತ್ತರಿಸಿದ ಕೊಂಬು ಕರಡಿನಲ್ಲಿತ್ತು, ಎಲ್ಲರಿಗೂ ಕಾಣುವಂತೆ.

ತೀರ್ಪು ಅಲ್ಲೇ ಆಯಿತು. ಮೊದಲನೆಯದಾಗಿ, ಹನ್ನೊಂದು ಮನೆಗೂ ನಾನೇ ಖುದ್ದಾಗಿ ಹೋಗಿ ತಪ್ಪೊಪ್ಪಿಕೊಂಡು ಹೆಂಗಸರನ್ನು ಕರೆತರಬೇಕು. ಹೋದೆ. ಹನ್ನೊಂದು ಹೊಸ್ತಿಲಲ್ಲಿ ನಿಂತು "ಅದು ಗಣಿತ ಅಲ್ಲಮ್ಮ, ಕುಣಿತ. ತಪ್ಪು ನನ್ನದು" ಎಂದೆ. ಆರನೆಯ ಮನೆಯಲ್ಲಿ ಗಂಡನಿಗೆ ವಿಷಯವೇ ಗೊತ್ತಿರಲಿಲ್ಲ. ಅವರಿಬ್ಬರ ಜಗಳ ಮುಗಿಯುವವರೆಗೂ ಕಾಯಬೇಕಾಯಿತು. ಒಂಬತ್ತನೆಯ ಮನೆಯ ಅಜ್ಜಿ ಕಿವಿ ಕೇಳದೆ ನನ್ನಿಂದ ನಾಲ್ಕು ಸಲ ಹೇಳಿಸಿದರು. ನಾಲ್ಕನೆಯ ಸಲ ರಸ್ತೆಯವರಿಗೆಲ್ಲ ಕೇಳಿಸಿತು. ಹನ್ನೊಂದೂ ಜನ ಬಂದರು.

ಇತ್ತ ಹತ್ತೊಂಬತ್ತು ಗಣಿತಾಕಾಂಕ್ಷಿಗಳು ಜಾಗ ಬಿಟ್ಟು ಏಳಲು ಒಪ್ಪಲಿಲ್ಲ. ಬಂದದ್ದು ಬಂದಿದ್ದೇವೆ, ಕಲಿತೇ ಹೋಗುತ್ತೇವೆ ಎಂದು ಹಟ ಹಿಡಿದರು. ಪೋಸ್ಟ್‌ಮಾಸ್ಟರು ಪಕ್ಕದ ಸಣ್ಣ ಕೋಣೆ ಬಿಟ್ಟುಕೊಟ್ಟರು. ಕ್ಯಾಷಿಯರ್ ತಾವೇ ಮೇಷ್ಟ್ರಾದರು. ಆಗ ತೀರ್ಪಿನ ಎರಡನೆಯ ಭಾಗ ಹೇಳಲು ನನ್ನ ಹೆಂಡತಿ ಮುಂದೆ ಬಂದಳು.

"ಅವರು ಮೇಷ್ಟ್ರಾದ ಮೇಲೆ ಹದಿನೆಂಟೇ ಜನ ಉಳಿದ್ರು. ಹತ್ತೊಂಬತ್ತನೇ ಹೆಸರು ಇವರದು ಬರ್ಕೊಳ್ಳಿ."

"ನನಗೆ ಗಣಿತ ಬರಲ್ಲ ಕಣೇ! ಶಾಲೇಲಿ ಎರಡು ಸಲ ಫೇಲಾದವನು. ಲೆಕ್ಕಕ್ಕೆ ಹೆದರಿಯೇ ಅಕ್ಷರಕ್ಕೆ ಬಂದಿದ್ದು!"

"ನೀವೇ ಬರೆದಿದ್ದಲ್ವಾ, ಹಿರಿಯರಿಗೆ ಗಣಿತ ಅಂತ? ಕಲೀರಿ. ಆ ಪೆನ್ನು ಇಲ್ಲಿ ಕೊಡಿ. ಪರೀಕ್ಷೇಲಿ ಪಾಸಾದ ದಿನ ವಾಪಸ್ ಕೊಡ್ತೀನಿ. ಅಲ್ಲೀವರೆಗೂ ಯಾರ ತಪ್ಪನ್ನೂ ಮುಟ್ಟೋ ಹಾಗಿಲ್ಲ."

ನೀವು ನಂಬುವುದಿಲ್ಲ, ಮೊದಲ ವಾರ ನನಗೆ ಊಟ ಸೇರಲಿಲ್ಲ. ಎದುರು ಮನೆಯವರು ಹೊಸ ಬೋರ್ಡು ಬರೆಸಿದರು. ಈ ಸಲ 'ನಾಯಿ'ಗೇ ದೀರ್ಘ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ದಾಟಿದೆ. ಶನಿವಾರಗಳಲ್ಲಿ ಸಣ್ಣ ಕೋಣೆಯಲ್ಲಿ ಕುಳಿತು, ಒಂದು ತೊಟ್ಟಿಗೆ ಎರಡು ನಲ್ಲಿಗಳು ನೀರು ತುಂಬುತ್ತಿರುವಾಗ ಯಾರೋ ಪುಣ್ಯಾತ್ಮರು ಕೆಳಗಿನ ತೂತನ್ನು ತೆರೆದಿಟ್ಟರೆ ತೊಟ್ಟಿ ಯಾವಾಗ ತುಂಬೀತು ಎಂದು ಚಿಂತಿಸಿದೆ. ತೂತು ಮುಚ್ಚಿ ಎಂದು ಉತ್ತರ ಬರೆದೆ. ಕ್ಯಾಷಿಯರ್ ಮೇಷ್ಟ್ರು ಅದಕ್ಕೆ ಸೊನ್ನೆ ಕೊಟ್ಟರು. ಪಕ್ಕದ ಕೋಣೆಯಿಂದ ಹನ್ನೆರಡು ಜನರ ಹೆಜ್ಜೆ ಸಪ್ಪಳ, ನಗು, ನರ್ಸಮ್ಮನ ಗದರಿಕೆ ಕೇಳುತ್ತಲೇ ಇರುತ್ತಿತ್ತು.

ಒಂದು ದಿನ ನೀರು ಕುಡಿಯುವ ನೆಪದಲ್ಲಿ ಎದ್ದು ಬಾಗಿಲ ಸಂದಿಯಿಂದ ನೋಡಿದೆ. ನನ್ನವಳು ಮುಂದಿನ ಸಾಲಿನಲ್ಲಿದ್ದಳು, ನಡುವೆ. ಕೈ ಮಾತ್ರ ಅಲ್ಲ, ಪೂರ್ತಿ ಕಾಣುತ್ತಿದ್ದಳು. ಎಲ್ಲರೂ ಬಲಕ್ಕೆ ತಿರುಗಿದಾಗ ಅವಳು ಎಡಕ್ಕೆ ತಿರುಗಿದಳು, ತಾನೇ ನಕ್ಕಳು, ಮತ್ತೆ ತಿರುಗಿದಳು. ಇವಳ ಈ ನಗುವನ್ನು ಒಂದು ಕೊಂಬಿನ ಜೊತೆಗೆ ಕತ್ತರಿಸಿ ಎಸೆದಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಎಡಕ್ಕೆ ತಿರುಗಿದ್ದು ತಪ್ಪು ಎಂದು ಮನೆಗೆ ಬಂದ ಮೇಲೂ ಹೇಳಲಿಲ್ಲ. ನಾನು ಗಣಿತದಲ್ಲಲ್ಲದಿದ್ದರೂ ಯಾವುದರಲ್ಲೋ ಮುಂದುವರಿಯುತ್ತಿದ್ದೆ ಅನ್ನುವುದಕ್ಕೆ ಅದು ಸಾಕ್ಷಿ.

ಕಳೆದ ಶನಿವಾರ ನಮಗೆ ಪಾಠ ಇರಲಿಲ್ಲ, ಬೆಳಗಾಗುತ್ತಲೇ ಕರೆದು ಪರೀಕ್ಷೆಯ ಫಲಿತಾಂಶ ಕೊಟ್ಟರು. ಪಾಸಾಗಲು ಮೂವತ್ತೈದು ಬೇಕು. ನನ್ನ ಉತ್ತರ ಪತ್ರಿಕೆಯ ಮೇಲೆ, ದಪ್ಪಗೆ, ಮೂವತ್ತಾರು! ಕ್ಯಾಷಿಯರ್ ಮೇಷ್ಟ್ರ ಕೈ ಹಿಡಿದು ಕುಲುಕಿದೆ. ಮನೆಗೆ ಬಂದು ಪತ್ರಿಕೆಯನ್ನು ಹೆಂಡತಿಯ ಮುಂದಿಟ್ಟು, ಬೀರುವಿನ ಕಡೆ ನೋಡುತ್ತಾ ನಿಂತೆ.

ಅವಳಿಗೂ ಸಂತೋಷವಾಯಿತು, ಸುಳ್ಳು ಹೇಳಬಾರದು. "ಪರವಾಗಿಲ್ವೇ!" ಎನ್ನುತ್ತಾ ಬೀರು ತೆಗೆದು ಸ್ವೆಟರಿನ ಕೆಳಗಿಂದ ಪೆನ್ನು ತಂದಳು. ಕೊಡಲು ಕೈ ಚಾಚಿದವಳು ಇನ್ನೊಂದು ಕೈಯಿಂದ ಪತ್ರಿಕೆಯ ಪುಟ ತಿರುವಿದಳು.

"ಮೊದಲನೇದಕ್ಕೆ ಏಳು. ಎರಡನೇದಕ್ಕೆ ಐದು. ಆಮೇಲೆ ಒಂಬತ್ತು, ನಾಲ್ಕು, ಆರು." ತುಟಿ ಅಲ್ಲಾಡಿತು. "ರೀ, ಇದು ಮೂವತ್ತೊಂದಾಗತ್ತೆ."

"ಮೇಷ್ಟ್ರು ಕೂಡಿದಾರೆ ಕಣೇ. ಬ್ಯಾಂಕಲ್ಲಿ ಮೂವತ್ತು ವರ್ಷ ಇದ್ದೋರು."

"ಮೇಷ್ಟ್ರು ಕೂಡಿದ್ದು ತಪ್ಪು. ನೀವು ಕೂಡಿ ನೋಡಲಿಲ್ವಾ?"

ಕೂಡಿ ನೋಡಿದ್ದೆ. ದಾರಿಯಲ್ಲಿ, ಮೂರು ಸಲ, ಒಮ್ಮೆ ಬೆರಳು ಎಣಿಸಿ. ಮೂರು ಸಲವೂ ಮೂವತ್ತೊಂದೇ ಬಂದಿತ್ತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ತಪ್ಪನ್ನು ಕಣ್ಣಾರೆ ಕಂಡು, ಮಡಚಿ, ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಈಗ ಕೂಡಿದ್ದೆ ಎಂದರೆ ಕಳ್ಳನಾಗುತ್ತೇನೆ, ಕೂಡಲಿಲ್ಲ ಎಂದರೆ ದಡ್ಡನಾಗುತ್ತೇನೆ. ಯೋಚಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಇಲ್ಲ. ಅಷ್ಟು ದೊಡ್ಡ ಲೆಕ್ಕ ನನಗೆಲ್ಲಿ ಬರತ್ತೆ?"

"ಹಾಗಾದ್ರೆ ಇನ್ನೂ ಕಲೀಬೇಕು."

"ಇರಲಿ ಬಿಡೇ," ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಒಂದು ಸಣ್ಣ ತಪ್ಪು. ಯಾರಿಗೆ ಗೊತ್ತಾಗತ್ತೆ?"

ಅವಳು ಪೆನ್ನಿನ ಮುಚ್ಚಳ ತೆಗೆದಳು. ಮೂವತ್ತಾರರ ಮೇಲೆ ಒಂದು ನೇರ ಗೆರೆ ಎಳೆದಳು, ಪಕ್ಕದಲ್ಲಿ ಮೂವತ್ತೊಂದು ಬರೆದಳು, ಕೆಳಗೆ ತನ್ನ ಸಹಿ ಹಾಕಿದಳು. ಪೆನ್ನು ಬೀರುವಿಗೆ ಹೋಯಿತು, ಬೀಗ ಬಿತ್ತು. ಅವಳು ಕುಣಿತದ ತರಗತಿಗೆ ಹೊತ್ತಾಯಿತು ಎಂದು ಸಡಿಲ ಪೈಜಾಮ ಹಾಕಿಕೊಂಡು ಹೊರಟಳು.

ಹೋದ ಮೇಲೆ ಪತ್ರಿಕೆಯನ್ನು ಕಿಟಕಿಯ ಹತ್ತಿರ ಹಿಡಿದು, ಅವಳು ತಿದ್ದಿದ್ದರಲ್ಲಿ ಒಂದಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಗೆರೆ ನೇರವಾಗಿತ್ತು, ಅಂಕಿ ಸ್ಫುಟವಾಗಿತ್ತು, ಕೂಡಿದ್ದೂ ಸರಿಯಾಗಿತ್ತು.