ಗುಡುಗಾಸುರನ ಪರವಾನಗಿ

ತೆಂಗಿನ ನಾರಿನ ಒಂದು ಮೀಸೆ ತನ್ನ ಅನ್ನಕ್ಕೆ ಕಲ್ಲು ಹಾಕೀತೆಂದು ರುಕ್ಮಯ್ಯ ಕನಸಿನಲ್ಲೂ ಎಣಿಸಿರಲಿಲ್ಲ. ಮೀಸೆಯೇನೋ ಭರ್ಜರಿಯಾಗಿತ್ತು. ಮೂಗಿನ ಕೆಳಗೆ ಹೊರಟು ಕಿವಿಯವರೆಗೆ ಹೋಗಿ ಅಲ್ಲಿಂದ ಆಕಾಶ ನೋಡುತ್ತಿತ್ತು. ಆ ವರ್ಷದ ದೀಪಾವಳಿಗೆ ಬಂದ ಸಿನೆಮಾ ಒಂದರಲ್ಲಿ ಗುಡುಗಾಸುರ ಎಂಬ ರಾಕ್ಷಸನಿಗೂ ಇಂಥದೇ ಮೀಸೆ. ಟೆಂಟಿನಲ್ಲಿ ಸಿನೆಮಾ ಓಡಿದ್ದೇ ತಡ, ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಮಕ್ಕಳೆಲ್ಲ ಪಾಠ ಬಿಟ್ಟು "ಗುಡು ಗುಡು ಗುಡಾರ್!" ಎಂದು ಆರ್ಭಟಿಸತೊಡಗಿದರು.

ಆಗ ಬಂಟ್ವಾಳದಲ್ಲಿ, ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದರ ಅಂಗಳದಲ್ಲಿ, ಮಹಾಲಿಂಗೇಶ್ವರ ಭಟ್ಟರು 'ನೇತ್ರಾವತಿ ವಿನೋದವನ' ನಡೆಸುತ್ತಿದ್ದರು. ಕೈಯಿಂದ ತಿರುಗಿಸುವ ತೊಟ್ಟಿಲು, ಮರದ ಕುದುರೆಗಳು, ಒಂದು ಸಿಮೆಂಟಿನ ಆನೆ. ಮೂಡಬಿದಿರೆಯಲ್ಲಿ ಅವರ ಹೆಂಡತಿಯ ಅಣ್ಣ ತಿರುಮಲೇಶ್ವರ ಭಟ್ಟರು ಹಳೆ ಅಕ್ಕಿ ಮಿಲ್ಲಿನ ಅಂಗಳದಲ್ಲಿ 'ತ್ರಿಪುರಸುಂದರಿ ವಿನೋದವನ' ತೆರೆದಿದ್ದರು. ಒಬ್ಬರು ಆನೆ ಇಟ್ಟರೆ ಇನ್ನೊಬ್ಬರು ಆನೆಯ ಮೇಲೆ ಮಾವುತನನ್ನೂ ಕೂರಿಸುವವರು. ಮದುವೆ ಮುಂಜಿಯಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕೂತು, ಯಾರ ಎಲೆಗೆ ಹೋಳಿಗೆ ಹೆಚ್ಚು ಬಿತ್ತೆಂದು ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದರು. ಹೀಗಿರುವಾಗ ಬಂಟ್ವಾಳದಲ್ಲೊಬ್ಬ ಗುಡುಗಾಸುರ ಹುಟ್ಟಿದ ಮೇಲೆ ಮೂಡಬಿದಿರೆ ಬರಿಗೈಯಲ್ಲಿ ಇರಲು ಸಾಧ್ಯವೆ?

ಆದರೆ ಇಬ್ಬರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಎರಡು ಊರಿನ ಗುಡುಗಾಸುರನೂ ಒಬ್ಬನೇ. ಅವನೇ ಸಿದ್ದಕಟ್ಟೆಯ ರುಕ್ಮಯ್ಯ.

ರುಕ್ಮಯ್ಯ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದವನು, ಅಂದರೆ ಹುಟ್ಟಾ ರಾಕ್ಷಸ. ಮೊಣಗಂಟು ಕೈಕೊಟ್ಟ ಮೇಲೆ ಮೇಳದವರೂ ಕೈಬಿಟ್ಟರು. ಮನೆಯಲ್ಲಿ ಹೆಂಡತಿ ದಮಯಂತಿ ಮತ್ತು ಐದು ಮಕ್ಕಳು. ಒಬ್ಬ ರಾಕ್ಷಸನ ಸಂಬಳದಲ್ಲಿ ಏಳು ಹೊಟ್ಟೆ ತುಂಬದು ಎಂದು ಅವನು ಇಬ್ಬರು ರಾಕ್ಷಸರಾದ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಎಂಬ ಬಿಳಿ ಮುಳ್ಳುಸಾಲು ಇಟ್ಟು ಮುಗಿಸಲು ಮೂರು ಗಂಟೆ ಬೇಕು. ಅದನ್ನು ತೊಳೆದು ಮತ್ತೆ ಬಳಿಯುವುದು ಆಗದ ಮಾತು. ಆದ್ದರಿಂದ ಕೋಳಿ ಕೂಗುವ ಮೊದಲೇ ಮನೆಯಲ್ಲಿ ಬಣ್ಣ ಹಚ್ಚಿ, ಮಧ್ಯಾಹ್ನದವರೆಗೆ ಬಂಟ್ವಾಳದಲ್ಲಿ ಕೆಂಪು ಶಾಲು ಹೊದ್ದು ಆರ್ಭಟ, ಅದೇ ಮುಖದಲ್ಲಿ ಬಸ್ಸು ಹತ್ತಿ, ಸಂಜೆ ಮೂಡಬಿದಿರೆಯಲ್ಲಿ ಹಸಿರು ಶಾಲು ಹೊದ್ದು ಆರ್ಭಟ. ಅಲ್ಲಿ ಅವನ ಹೆಸರು ತುಕ್ರಪ್ಪ. ತುಕ್ರಪ್ಪನ ನಿಜವಾದ ಮುಖವನ್ನು ತಿರುಮಲೇಶ್ವರ ಭಟ್ಟರು ಈವರೆಗೆ ಕಂಡಿರಲಿಲ್ಲ.

ಎಲ್ಲವೂ ಸುಸೂತ್ರವಾಗಿತ್ತು. ಅಷ್ಟರಲ್ಲಿ ಒಂದು ಶನಿವಾರ ಬೆಳಿಗ್ಗೆ ಮಂಗಳೂರಿನಿಂದ ಸಿನೆಮಾ ಕಂಪೆನಿಯ ಏಜೆಂಟರು ಕಾರಿನಲ್ಲಿ ಬಂದಿಳಿದರು. ಹೆಸರು ಇಬ್ರಾಹಿಂ ಖಲೀಲ್. ತೆಳ್ಳಗಿನ ಆಳು, ಮೆಲ್ಲಗಿನ ಮಾತು. ಗುಡುಗಾಸುರನ ಪ್ಲೈವುಡ್ ಗುಹೆಯ ಮುಂದೆ ನಿಂತು ರುಕ್ಮಯ್ಯನನ್ನು ಕಾಲಿನಿಂದ ಕಿರೀಟದವರೆಗೆ ನೋಡಿದರು.

"ಈ ಮೀಸೆ ನಮ್ಮ ಕಂಪೆನಿದ್ದು ಭಟ್ರೇ. ಆರ್ಭಟವೂ ನಮ್ಮದೇ. ಯಾರನ್ನು ಕೇಳಿ ಇಟ್ಟದ್ದು?"

"ರಾಕ್ಷಸನನ್ನು ಇಡ್ಲಿಕ್ಕೆ ಕೇಳುದೆಂತ ಮಾರಾಯ್ರೆ?" ಮಹಾಲಿಂಗೇಶ್ವರ ಭಟ್ಟರು ಕಣ್ಣರಳಿಸಿದರು. "ಪುರಾಣದಲ್ಲಿ ಅಷ್ಟು ಜನ ಉಂಟಲ್ಲ, ಅವರನ್ನೆಲ್ಲ ಯಾರನ್ನು ಕೇಳಿ ಕುಣಿಸಿದ್ದು ನಾವು?"

"ಪುರಾಣ ಬರೆದವರಿಗೆ ಆಫೀಸು ಇರ್ಲಿಲ್ಲ. ನಮಗೆ ಉಂಟು," ಎಂದರು ಖಲೀಲ್ ಸಾಹೇಬರು. "ಈ ತಾಲೂಕುಗಳಿಗೆಲ್ಲ ಸೇರಿ ಪರವಾನಗಿ ಒಂದೇ. ಮೂಡಬಿದಿರೆಯಲ್ಲೂ ಒಬ್ಬ ಇದ್ದಾನಂತೆ. ಯಾರು ಮೊದಲು ಸುರು ಮಾಡಿದ್ದೋ ಅವರಿಗೆ ಕೊಡ್ತೇನೆ. ಇನ್ನೊಬ್ಬರು ಇವತ್ತೇ ಬಂದ್ ಮಾಡ್ಬೇಕು."

"ಹಾಗಾದ್ರೆ ಈಗಲೇ ಹೋಗುವ! ನನ್ನ ರಾಕ್ಷಸನನ್ನೂ ಕಾರಲ್ಲಿ ಕೂರಿಸ್ಕೊಂಡು ಹೋಗುವ. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ನೋಡಿ, ಅಸಲು ಯಾವುದು ನಕಲು ಯಾವುದು ಅಂತ ನಿಮಗೇ ಗೊತ್ತಾಗ್ತದೆ."

ಕಿರೀಟದ ಅಡಿಯಲ್ಲಿ ರುಕ್ಮಯ್ಯನ ತಲೆ ಬೆವರಿತು. "ಧಣಿ, ಕಾರಲ್ಲಿ ಕೂತ್ರೆ ನನಗೆ ವಾಂತಿ ಬರ್ತದೆ. ನಾನು ಬಸ್ಸಲ್ಲಿ ಬರ್ತೇನೆ."

"ಸಿನೆಮಾದಲ್ಲಿ ಗುಡುಗಾಸುರನಿಗೆ ವಾಂತಿ ಇಲ್ಲ," ಎಂದು ಖಲೀಲ್ ಸಾಹೇಬರು ಹುಬ್ಬು ಗಂಟಿಕ್ಕಿದರು. ಅಷ್ಟರಲ್ಲಿ ರುಕ್ಮಯ್ಯ ಗೇಟು ದಾಟಿಯಾಗಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ಹನೀಫಾ ಎಂದಿನಂತೆ ಹಿಂದಿನ ಸೀಟು ಬಿಡಿಸಿಕೊಟ್ಟ. ಗಡಿಬಿಡಿಯಲ್ಲಿ ರುಕ್ಮಯ್ಯ ಮುಖ ಮುಚ್ಚುವ ಬೈರಾಸು ಮರೆತು ಬಂದಿದ್ದ. ಪಕ್ಕದಲ್ಲಿ ತೂಕಡಿಸುತ್ತಿದ್ದ ಅಜ್ಜ ಒಬ್ಬರು ಕಣ್ಣು ತೆರೆದು, ಇವನನ್ನು ಕಂಡು, "ಇಷ್ಟು ಬೇಗ ಬಂದೆಯಾ? ಮಗಳ ಮದುವೆ ಬಾಕಿ ಉಂಟಪ್ಪಾ!" ಎಂದು ಕೈ ಮುಗಿದು ಗೋಗರೆದರು. ನಾನು ಯಮದೂತ ಅಲ್ಲ, ಸಂಬಳದ ರಾಕ್ಷಸ ಎಂದು ಅವರಿಗೆ ತಿಳಿಹೇಳುವುದರಲ್ಲಿ ಸಿದ್ದಕಟ್ಟೆ ಬಂತು.

ಅಲ್ಲಿ ರಸ್ತೆ ಬದಿಯಲ್ಲಿ ಏಜೆಂಟರ ಕಾರು ಚಕ್ರದ ಗಾಳಿ ಹೋಗಿ ಕೂತಿತ್ತು. ಮಹಾಲಿಂಗೇಶ್ವರ ಭಟ್ಟರು ಎರಡೂ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದರು. "ಓ ರುಕ್ಮಯ್ಯ! ಒಳ್ಳೆದಾಯ್ತು. ಇನ್ನು ಒಟ್ಟಿಗೇ ಹೋಗುವ!" ಎಂದು ಬಂದು ಅವನ ಮಗ್ಗುಲಿಗೇ ಒತ್ತರಿಸಿ ಕೂತರು. ಖಲೀಲ್ ಸಾಹೇಬರೂ ಹಿಂದೆಯೇ ಹತ್ತಿದರು. ಮೊದಲೇ ಹೋಗಿ ತುಕ್ರಪ್ಪನಾಗಿ ಅಲ್ಲಿಯ ಗುಹೆ ಸೇರಿಕೊಂಡು, ರುಕ್ಮಯ್ಯನಿಗೆ ಬಸ್ಸು ತಪ್ಪಿತೆಂದು ಹೇಳಿಸಿಬಿಡುವ ಅವನ ಲೆಕ್ಕಾಚಾರ ಅಲ್ಲಿಗೇ ಮಣ್ಣು ಪಾಲಾಯಿತು.

ಮೂಡಬಿದಿರೆಯಲ್ಲಿ ತಿರುಮಲೇಶ್ವರ ಭಟ್ಟರು ಗೇಟಿನಲ್ಲೇ ಚಡಪಡಿಸುತ್ತಿದ್ದರು. ಏಜೆಂಟರು ಬರುವ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಊರಿಗೂ ಮುಟ್ಟಿತ್ತು. ಅಂಗಳದಲ್ಲಿ ಸಾಲು ಜನ, ನಡುವೆ ಬುಟ್ಟಿ ಇಟ್ಟುಕೊಂಡು ನೆಲಗಡಲೆ ಮಾರುವ ಪೂವಮ್ಮ. ಯಾರ ಮನೆಯ ವ್ಯಾಜ್ಯವಾದರೂ ಪೂವಮ್ಮನ ಬಾಯಿ ಬೀಳದೆ ತೀರ್ಮಾನವಾದದ್ದಿಲ್ಲ.

"ಎಂತ ಭಾವ, ನಿನ್ನ ರಾಕ್ಷಸ ಎಲ್ಲಿ? ಹೆದರಿ ಓಡಿದನಾ?" ಮಹಾಲಿಂಗೇಶ್ವರ ಭಟ್ಟರು ನಕ್ಕರು.

"ಈಗ ಬರ್ತಾನೆ. ನಮ್ಮ ತುಕ್ರಪ್ಪ ಮಾತಿನ ಮನುಷ್ಯ, ನಿಮ್ಮ ಊರಿನವರ ಹಾಗೆ ಅಲ್ಲ."

"ಧಣಿ, ಒಂದು ಗಳಿಗೆ. ಬಸ್ಸಿನ ಕುಲುಕಾಟಕ್ಕೆ ಹೊಟ್ಟೆ ಸರಿ ಇಲ್ಲ," ಎಂದು ರುಕ್ಮಯ್ಯ ಹಿಂದಕ್ಕೆ ಸರಿದ. ಮಿಲ್ಲಿನ ಗೋಡೆ ಸುತ್ತಿ ಓಡಿ, ಗುಹೆಯ ಹಿಂಬಾಗಿಲಿನಿಂದ ನುಗ್ಗಿ, ಅಲ್ಲಿಟ್ಟಿದ್ದ ಹಸಿರು ಶಾಲು ಹೊದ್ದು ಹೊರಗೆ ಹಾರಿದ.

"ಗುಡು ಗುಡು ಗುಡಾರ್!"

ಜೀವಭಯದಲ್ಲಿ ಹೊರಟ ಆರ್ಭಟ ಅದು. ಎದುರಿದ್ದ ಮಕ್ಕಳು ಅಮ್ಮಂದಿರ ಸೀರೆ ಹಿಡಿದವು. ತಿರುಮಲೇಶ್ವರ ಭಟ್ಟರ ಎದೆ ಉಬ್ಬಿತು. ಖಲೀಲ್ ಸಾಹೇಬರು ತಲೆದೂಗಿದರು. "ಭಾರಿ ಲಾಯ್ಕುಂಟು. ಇನ್ನು ಬಂಟ್ವಾಳದವನನ್ನು ಕರೀರಿ. ಒಟ್ಟಿಗೆ ನಿಲ್ಲಲಿ."

ತುಕ್ರಪ್ಪ ಕೂಡಲೇ ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದ. ಇನ್ನೊಂದು ಕಡೆಯಿಂದ ರುಕ್ಮಯ್ಯ ಏದುಸಿರು ಬಿಡುತ್ತಾ ಬಂದ. ಬಂಟ್ವಾಳದವನು ಬಂದರೆ ಮೂಡಬಿದಿರೆಯವನು ಇಲ್ಲ, ಮೂಡಬಿದಿರೆಯವನನ್ನು ಕರೆದರೆ ಬಂಟ್ವಾಳದವನು ಮಾಯ. ಮೂರು ಸಲ ಹೀಗೆ ಮಿಲ್ಲಿಗೆ ಪ್ರದಕ್ಷಿಣೆ ಬಂದ ಮೇಲೆ ರುಕ್ಮಯ್ಯನ ಮೊಣಗಂಟು ಮುಷ್ಕರ ಹೂಡಿತು. ಅವನು ಕೆಂಪು ಶಾಲಿನಲ್ಲೇ, ಮಾವುತ ಕೂತ ಅಲ್ಲಿಯ ಸಿಮೆಂಟಿನ ಆನೆಗೆ ಒರಗಿ ನಿಂತುಬಿಟ್ಟ.

ಪುಣ್ಯಕ್ಕೆ ಅಷ್ಟರಲ್ಲಿ ಭಾವಂದಿರಿಗೇ ಜಗಳ ಹತ್ತಿಕೊಂಡಿತು.

"ನಾನು ಸುರು ಮಾಡಿದ್ದು ಷಷ್ಠಿಗೆ!"

"ಷಷ್ಠಿಗಾ? ನಾನು ದೀಪಾವಳಿಗೇ ಸುರು ಮಾಡಿಯಾಗಿದೆ!"

"ಹಾಗಾದ್ರೆ ನಾನು ಚೌತಿಗೆ!"

"ಸಿನೆಮಾ ಬಂದದ್ದೇ ದೀಪಾವಳಿಗೆ ಭಟ್ರೇ," ಖಲೀಲ್ ಸಾಹೇಬರು ನಡುವೆ ಬಂದರು. "ಚೌತಿಗೆ ನಿಮಗೆ ಕನಸು ಬಿದ್ದದ್ದಾ?"

ಆಗ ಪೂವಮ್ಮ ಸೆರಗು ಕೊಡವಿ ಎದ್ದಳು. "ಇದೆಂತ ಇಷ್ಟುದ್ದ ಎಳೀತೀರಿ? ಯಜಮಾನರುಗಳು ಸುಳ್ಳು ಹೇಳಿಯಾರು. ಕೆಲಸ ಮಾಡಿದವನಿಗೆ ಗೊತ್ತಿರ್ತದಲ್ಲ ಯಾವಾಗ ಸೇರಿದ್ದು ಅಂತ. ನಾಳೆ ಬೆಳಿಗ್ಗೆ ಇಬ್ಬರು ರಾಕ್ಷಸರನ್ನೂ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ. ಮುಖ ತೊಳ್ದು, ಸ್ನಾನ ಮಾಡಿ, ದೇವರ ಎದುರು ಪ್ರಮಾಣ ಮಾಡ್ಲಿ."

ಆ ಸೀಮೆಯಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳುವವರಿದ್ದಾರೆ, ಹೆಂಡತಿಯ ಹತ್ತಿರ ಹೇಳುವವರಂತೂ ಬೇಕಷ್ಟಿದ್ದಾರೆ. ಧರ್ಮಸ್ಥಳಕ್ಕೆ ಹೋಗಿ ಹೇಳುವವರಿಲ್ಲ. 'ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ' ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವನು ರುಕ್ಮಯ್ಯ. ಒಬ್ಬನೇ ಎರಡು ಸಲ ಮೀಯಬಹುದು, ಎರಡು ಸಲ ಪ್ರಮಾಣವನ್ನೂ ಮಾಡಬಹುದು. ಆದರೆ ಎರಡನೆಯ ಸಲ ನಾಲಗೆ ಬಾಯಿಯಲ್ಲಿ ಉಳಿದೀತೆ? ಐದು ಮಕ್ಕಳ ಮುಖ ಕಣ್ಣ ಮುಂದೆ ಬಂತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು, ಮೇಳ ಬಿಡಿಸಿದ ದಿನಕ್ಕಿಂತಲೂ ಹೆಚ್ಚು.

ಅವನು ಮೀಸೆ ಕಿತ್ತು ಕೈಯಲ್ಲಿ ಹಿಡಿದ. "ಧಣಿಗಳೇ, ಪ್ರಮಾಣ ಮಾತ್ರ ಬೇಡ. ಆ ತುಕ್ರಪ್ಪನೂ ನಾನೇ. ಇಬ್ಬರೂ ನಾನೇ. ಹೊಟ್ಟೆಪಾಡಿಗೆ ಹೀಗೆ ಮಾಡಿದ್ದು. ತಪ್ಪಾಯ್ತು."

ಇಬ್ಬರು ಭಟ್ಟರೂ ಅವನನ್ನೂ, ಖಾಲಿ ಗುಹೆಯನ್ನೂ, ಮತ್ತೆ ಅವನನ್ನೂ ನೋಡಿದರು.

"ಎರಡು ದೋಣಿಗೆ ಕಾಲಿಟ್ಟೆಯಾ ದ್ರೋಹಿ!" ಎಂದರು ಒಬ್ಬರು.

"ನನ್ನ ಅವಲಕ್ಕಿ ತಿಂದು ಇವರಲ್ಲಿ ಆರ್ಭಟಿಸಿದೆಯಾ!" ಎಂದರು ಇನ್ನೊಬ್ಬರು.

"ಎರಡೂ ಕಡೆ ಒಬ್ಬನೇ ಅಂತಾದ್ರೆ ಪರವಾನಗಿ ಯಾರಿಗೂ ಇಲ್ಲ," ಖಲೀಲ್ ಸಾಹೇಬರು ತಣ್ಣಗೆ ಹೇಳಿದರು. "ಗುಡುಗಾಸುರ ಇವತ್ತಿಗೆ ಬಂದ್. ಮೀಸೆ ಇಲ್ಲಿ ಕೊಡಿ." ಮೀಸೆ ಇಸಿದುಕೊಂಡು, ಮಂಗಳೂರಿಗೆ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಲು ಗೇಟಿನತ್ತ ನಡೆದರು.

ರುಕ್ಮಯ್ಯ ಕೈ ಮುಗಿದು ನಿಂತು ಗಳಗಳನೆ ಅತ್ತುಬಿಟ್ಟ. ಕಣ್ಣೀರು ಇಳಿದ ಹಾಗೆ ಅಕ್ಕಿಹಿಟ್ಟಿನ ಚಿಟ್ಟಿ ಒಂದೊಂದೇ ಕಳಚಿ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಮೊದಲು ಪೂವಮ್ಮ ನಕ್ಕಳು. ಮತ್ತೆ ಅಂಗಳಕ್ಕೆ ಅಂಗಳವೇ ನಕ್ಕಿತು. ನಗು ಕೇಳಿ ಪೇಟೆಯ ಜನ ಓಡಿ ಬಂದರು, ಟಿಕೆಟಿನ ಕಿಂಡಿಗೆ ಮುಗಿಬಿದ್ದರು. ಪೂವಮ್ಮನ ಬುಟ್ಟಿಯಲ್ಲಿ ಕಡಲೆ ಸಿಪ್ಪೆ ಮಾತ್ರ ಉಳಿಯಿತು.

ಭಾವಂದಿರು ಒಬ್ಬರ ಮುಖ ಒಬ್ಬರು ನೋಡಿದರು. ವಿನೋದವನ ಕಟ್ಟಿದ ಮೇಲೆ ಮೊದಲ ಬಾರಿಗೆ ಇಬ್ಬರ ತಲೆಯಲ್ಲೂ ಒಂದೇ ಯೋಚನೆ ಹೊಳೆಯಿತು.

"ಭಾವ, ಸುಡುಗಾಡು ಗುಡುಗಾಸುರ ಯಾರಿಗೆ ಬೇಕು? ಇವನನ್ನೇ ನಿಲ್ಲಿಸುವ. 'ಇಬ್ಬರು ಧಣಿಗಳಿಗೆ ಟೋಪಿ ಹಾಕಿದ ರುಕ್ಮಯ್ಯ' ಅಂತ ಬೋರ್ಡು."

"ಬೆಳಿಗ್ಗೆ ನಿನ್ನಲ್ಲಿ, ಸಂಜೆ ನನ್ನಲ್ಲಿ. ಬಣ್ಣದ ಖರ್ಚೂ ಇಲ್ಲ."

ರುಕ್ಮಯ್ಯನ ಅಳು ಅರ್ಧಕ್ಕೆ ನಿಂತಿತು. ಎರಡು ಸಂಬಳವೂ ಉಳಿಯಿತು, ಸುಳ್ಳು ಹೇಳುವ ಕರ್ಮವೂ ತಪ್ಪಿತು. ರಾಕ್ಷಸನಾಗಿ ಸಿಗದ ಮರ್ಯಾದೆ ಕಳ್ಳನಾಗಿ ಸಿಕ್ಕಿತಲ್ಲ ಎಂದು ಖುಷಿಯಲ್ಲಿ ಮತ್ತೊಮ್ಮೆ ಕೈ ಮುಗಿದು, ಈಗ ಸಂತೋಷದಿಂದ ಅಳತೊಡಗಿದ.

"ಇದಕ್ಕೆ ಯಾರ ಪರವಾನಗಿಯೂ ಬೇಡ!" ತಿರುಮಲೇಶ್ವರ ಭಟ್ಟರು ಗೇಟಿನವರೆಗೆ ಕೇಳುವಂತೆ ಕೂಗಿದರು. "ಇಂವ ರುಕ್ಮಯ್ಯ. ಯಾರ ಕಂಪೆನಿಯದ್ದೂ ಅಲ್ಲ!"

ಖಲೀಲ್ ಸಾಹೇಬರು ತಿರುಗಿ ಬಂದರು. ಕೈ ಮುಗಿದು ಅಳುತ್ತಿದ್ದವನ ಸುತ್ತ ಒಂದು ಸುತ್ತು ಬಂದು ನೋಡಿದರು.

"ಸಿನೆಮಾ ಪೂರ್ತಿ ನೋಡಿದ್ದೀರಾ ಭಟ್ರೇ?"

"ಇಂಟರ್ವಲ್ಲಿಗೆ ಎದ್ದು ಬಂದದ್ದು. ಗುಹೆಗೆ ಪ್ಲೈವುಡ್ ತರ್ಲಿಕ್ಕಿತ್ತು," ಎಂದರು ತಿರುಮಲೇಶ್ವರ ಭಟ್ಟರು. ಮಹಾಲಿಂಗೇಶ್ವರ ಭಟ್ಟರು ತಲೆ ತಗ್ಗಿಸಿದರು. ಅವರೂ ಅದಕ್ಕೇ ಎದ್ದವರು.

"ಇಂಟರ್ವಲ್ ಆದ ಮೇಲೆ ಒಬ್ಬ ಅಡಿಗೆಯವ ಬರ್ತಾನೆ. ಇಬ್ಬರು ರಾಜರ ಹತ್ತಿರ ಸಂಬಳ ತಗೊಂಡು ಸಿಕ್ಕಿಬೀಳ್ತಾನೆ. ಕೈ ಮುಗಿದು ಅಳ್ತಾನೆ, ಜನ ನಗ್ತಾರೆ. ಅದೂ ನಮ್ಮ ಕಂಪೆನಿದ್ದೇ." ಅವರು ರುಕ್ಮಯ್ಯನತ್ತ ತಿರುಗಿದರು. "ಚೂರೂ ವ್ಯತ್ಯಾಸ ಇಲ್ಲ. ಕೈ ಇಳಿಸಿ."

ರುಕ್ಮಯ್ಯ ಕೈ ಇಳಿಸಿದ. ಕಣ್ಣೀರು ಮಾತ್ರ ಇಳಿಯುತ್ತಲೇ ಇತ್ತು.

"ಅಳ್ಲಿಕ್ಕೂ ಬೇಕಾ ಸ್ವಾಮಿ, ಪರವಾನಗಿ?"

ಖಲೀಲ್ ಸಾಹೇಬರು ಕೆಟ್ಟವರಲ್ಲ. ಜೇಬಿನಿಂದ ತಮ್ಮ ಕರವಸ್ತ್ರ ತೆಗೆದು ಕೊಟ್ಟು, ಅವನ ಹೆಗಲ ಮೇಲೆ ಕೈ ಇಟ್ಟರು.

"ಅಳಿ ಮಾರಾಯ್ರೆ, ಧಾರಾಳ ಅಳಿ. ಆದ್ರೆ ಬೇಲಿಯ ಆಚೆ ಹೋಗಿ ಅಳಿ. ಇಲ್ಲಿ ಜನ ಟಿಕೆಟ್ ತಗೊಂಡು ಬಂದಿದ್ದಾರೆ."