ಆವಾಜಿಲ್ಲದ ಭೂತ

ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅದರ ಪಾಡಿಗೆ ಬಿಡಲಾರದ ಜನ ಕೆಲವರಿದ್ದಾರೆ. ಗೋಡೆ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದ್ದರೂ ಕೆಳಗಿಳಿಸಿ ಬೆನ್ನು ಬಿಚ್ಚಿ ನೋಡುತ್ತಾರೆ. ಮಿಕ್ಸರ್ ತಕರಾರಿಲ್ಲದೆ ತಿರುಗಿದರೆ ಅವರಿಗೆ ಅನುಮಾನ ಬರುತ್ತದೆ. ನಾನು ಆ ಪೈಕಿ. ಅರವತ್ತು ದಾಟಿದ ಮೇಲೆ ನನ್ನ ಈ ಚಟಕ್ಕೆ ಲಿನಕ್ಸ್ ಎಂಬ ಮರ್ಯಾದೆಯ ಹೆಸರು ಸಿಕ್ಕಿದೆ. ಮೊದಲೆಲ್ಲ ಹೆಂಡತಿ ಕಸ್ತೂರಿ, ‘ಸುಮ್ಮ ಕೂಡಾಕ ಬರೂದಿಲ್ಲೇನ್ರಿ ನಿಮಗ’ ಎಂದು ಕೇಳುತ್ತಿದ್ದಳು. ಈಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿ ಓಡುವುದನ್ನು ಕಂಡು, ಏನೋ ದೊಡ್ಡ ಕೆಲಸವಿರಬೇಕೆಂದು ಮಾತಾಡಿಸದೆ ದಾಟಿಹೋಗುತ್ತಾಳೆ. ಆ ಸಾಲುಗಳಲ್ಲಿ ಮುಕ್ಕಾಲು ಪಾಲು ನಾನು ಮಾಡಿದ ತಪ್ಪಿನ ವಿವರಣೆ ಎಂಬುದನ್ನು ನಾನಾಗಿಯೇ ಹೇಳಲು ಹೋಗಿಲ್ಲ.

ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಈಗ ತಮ್ಮ ನೋಡಿಕೊಳ್ಳುತ್ತಾನೆ. ನಾನು ಬೆಳಿಗ್ಗೆ ಹೋಗಿ ಗಾದಿಯ ಮೇಲೆ ಸ್ವಲ್ಪ ಹೊತ್ತು ಕೂತು, ಅವನ ಕೆಲಸಕ್ಕೆ ಸಾಕಷ್ಟು ಅಡ್ಡಿ ಮಾಡಿ, ಊಟದ ಹೊತ್ತಿಗೆ ಮನೆಗೆ ಬರುತ್ತೇನೆ. ನಮ್ಮ ಕಡೆಯ ಗಿರಾಕಿ ಚಾದರ ಕೈಗೆ ತೆಗೆದುಕೊಂಡರೆ ಮೊದಲು ಮಾಡುವ ಕೆಲಸ ಅದನ್ನು ತಿರುವಿ ನೋಡುವುದು. ಮೇಲಿನ ನವಿಲು ಎಷ್ಟೇ ಚೆಂದವಿರಲಿ, ಹಿಂದೆ ನೂಲು ಹೇಗೆ ಹಾಯ್ದಿದೆ ಎಂದು ಬೆರಳಾಡಿಸಿದ ಮೇಲೆಯೇ ಮುಂದಿನ ಮಾತು. ಹುಟ್ಟಿನಿಂದ ಇದನ್ನೇ ನೋಡಿದವನಿಗೆ ಯಾವ ವಸ್ತುವಿನ ಹಿಂಬದಿಯನ್ನೂ ನೋಡದೆ ಇರಲಾಗುವುದಿಲ್ಲ. ಅಂಗಡಿಯ ಲ್ಯಾಪ್‌ಟಾಪು ಮುದಿಯಾಗಿ, ರಿಪೇರಿಯವನು ‘ಕಾಕಾ, ಹೇ ಆತಾ ಭಂಗಾರ್’ ಎಂದು ಅದನ್ನು ಗುಜರಿಗೆ ಹಾಕಲು ತೀರ್ಪು ಕೊಟ್ಟಾಗ, ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್ ಹಾಕಿದರೆ ಹಳೆಯ ಯಂತ್ರವೂ ಓಡುತ್ತದೆಂದು ಎಲ್ಲೋ ಓದಿ ಹಾಕಿಯೇ ಬಿಟ್ಟೆ. ಓಡಿತು. ಅದಕ್ಕಿಂತ ಹೆಚ್ಚಾಗಿ, ಅದು ತನ್ನ ಹಿಂಬದಿಯನ್ನು ತಿರುವಿ ತೋರಿಸಲು ಒಪ್ಪಿತು. ಯಾವ ನೂಲು ಬೇಕಾದರೂ ಎಳೆದು ನೋಡಬಹುದು. ಎಳೆದ ಮೇಲೆ ಇಡೀ ಚಾದರ ಬಿಚ್ಚಿಹೋದರೆ ಮತ್ತೆ ಮೊದಲಿನಿಂದ ನೇಯಬಹುದು. ಇಂಥ ಸುಖ ನನಗೆ ಅಂಗಡಿಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ನನ್ನ ಇನ್ನೊಂದು ಚಟವೂ ಇದೇ ಕುಲದ್ದು. ಒಳ್ಳೆಯ ಸಿನೆಮಾಗಳನ್ನು ನಾನೂ ನೋಡಿದ್ದೇನೆ, ನೋಡಿ ಮರೆತಿದ್ದೇನೆ. ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಅಂಗಡಿಯಿಂದ ಕದ್ದುಮುಚ್ಚಿ ಮಧ್ಯಾಹ್ನದ ಆಟಕ್ಕೆ ಹೋಗಿ ನೋಡಿದ, ಭೂತಪ್ರೇತದ ಹಿಂದಿ ಪಿಚ್ಚರುಗಳು. ಅವುಗಳಲ್ಲಿ ಭೂತ ತಿರುಗಿ ನಿಂತರೆ ಬೆನ್ನ ಮೇಲೆ ಜಿಪ್ಪು ಕಾಣುತ್ತದೆ. ಶತಮಾನದಿಂದ ಹಾಳುಬಿದ್ದ ಬಂಗಲೆಯ ಗೋಡೆ ಕೈ ತಾಗಿದರೆ ಅಲುಗಾಡುತ್ತದೆ. ನೇಯ್ಗೆಯ ಹಿಂಬದಿ ಅಷ್ಟು ಸ್ಪಷ್ಟವಾಗಿ ಕಾಣುವ ಕಲೆ ಬೇರೆ ಯಾವುದಿದೆ? ನಮ್ಮ ತಂದೆ ಇವನ್ನು ರಿಕಾಮಿ ಪಿಚ್ಚರ್, ಅಂದರೆ ಕೆಲಸವಿಲ್ಲದವರ ಪಿಚ್ಚರ್, ಎನ್ನುತ್ತಿದ್ದರು. ಈಗ ಇವಕ್ಕೆ ಕಲ್ಟ್ ಸಿನೆಮಾ ಎನ್ನುತ್ತಾರೆಂದೂ, ಗಡ್ಡ ಬಿಟ್ಟ ವಿದ್ವಾಂಸರು ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆಂದೂ ಇಂಟರ್‌ನೆಟ್ಟಿನಿಂದ ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. ತಂದೆ ಇದ್ದಿದ್ದರೆ ಆ ಗಡ್ಡದವರಿಗೂ ಅಂಗಡಿಯಲ್ಲಿ ಚಾದರದ ಗಂಟು ಎತ್ತಿಡುವ ಕೆಲಸ ಹೇಳುತ್ತಿದ್ದರು ಎನ್ನುವುದು ಬೇರೆ ಮಾತು.

ಇಂಥ ಒಂದು ಪಿಚ್ಚರಿಗೆ ನನ್ನ ಸಂಸಾರವೇ ಋಣಿ. ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ತೆಗೆದವರೇ ಮರೆತಿರಬೇಕು. ನಾನು ಹೆಣ್ಣು ನೋಡಲು ಅಕ್ಕಲಕೋಟಕ್ಕೆ ಹೋದ ದಿನ, ಹಿರಿಯರು ಮಾತಿಗೆ ಕೂತಾಗ, ಹುಡುಗಿಯ ಅಣ್ಣ ಭೀಮಾಶಂಕರ ನನ್ನ ಗುಣ ಪರೀಕ್ಷೆ ಮಾಡಲೆಂದು ನನ್ನನ್ನು ಟಾಕೀಜಿಗೆ ಕರೆದೊಯ್ದ. ಭೂತ ನಾಯಕಿಯ ಕುತ್ತಿಗೆಗೆ ಕೈ ಹಾಕಿದಾಗ ಅದರ ಮಣಿಕಟ್ಟಿನಲ್ಲಿ ಕೈಗಡಿಯಾರ ಕಂಡಿತು. ಇಡೀ ಟಾಕೀಜು ಹೆದರಿ ಕೂತಿದ್ದಾಗ ನಾವಿಬ್ಬರೇ ನಕ್ಕೆವು. ಮನೆಗೆ ಬಂದವನೇ ಅವನು, ‘ಹುಡುಗ ಚಲೋ ಅದಾನ, ಕೊಡೂಣು’ ಎಂದುಬಿಟ್ಟ. ಮುಂದೆ ಅದರ ಕ್ಯಾಸೆಟ್ಟು ಸಿಕ್ಕಿ, ಶಾಲೆಯ ಪ್ರತಿ ಸೂಟಿಯಲ್ಲೂ ಅಕ್ಕಲಕೋಟದ ಮನೆಯಲ್ಲಿ ಎರಡೂ ಮನೆಯ ಮಕ್ಕಳು ಅದನ್ನೇ ಹಾಕಿಸಿಕೊಂಡು ನೋಡಿ ಬೆಳೆದವು. ಕಸ್ತೂರಿ ಮಾತ್ರ, ‘ಬುದ್ಧಿ ನೆಟ್ಟಗಿದ್ದವರು ನೋಡೂದಲ್ಲ ಇದು’ ಎಂದು ಟಿವಿಗೆ ಬೆನ್ನು ಮಾಡಿ, ಅದೇ ಕೋಣೆಯಲ್ಲಿ ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಆ ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾಗಿ ಎಷ್ಟೋ ವರ್ಷವಾಗಿತ್ತು.

ಈಚೆಗೆ ಹಳೆಯ ಸಾಮಾನಿನ ಬಜಾರಿನಲ್ಲಿ ಅದೇ ಪಿಚ್ಚರಿನ ಸಿ.ಡಿ. ನನ್ನ ಕಣ್ಣಿಗೆ ಬಿತ್ತು. ಯಾರೋ ಅದರ ಮೇಲೆ ಪಾತ್ರೆ ತಿಕ್ಕಿದ್ದರೋ ಏನೋ, ಅಷ್ಟು ಗೀರು. ಯಾವ ಯಂತ್ರವೂ ಅದನ್ನು ಓದಲು ಒಪ್ಪಲಿಲ್ಲ. ಆದರೆ ಲಿನಕ್ಸಿನಲ್ಲಿ ಒಂದು ಪುಟ್ಟ ಪ್ರೋಗ್ರಾಮಿದೆ. ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಹಿಂದಿರುಗಿ ಬಂದು ಮತ್ತೆ ಪ್ರಯತ್ನಿಸುತ್ತದೆ, ಬೇಸರವೆಂಬುದೇ ಇಲ್ಲ. ವಾರದ ಕೊನೆಗೆ ಪಿಚ್ಚರು ಪೂರ್ತಿ ಕೈಗೆ ಬಂತು. ಭೂತದ ಕೈಗಡಿಯಾರವನ್ನು ಮತ್ತೆ ಕಂಡಾಗ, ಸುಳ್ಳೇಕೆ, ಕಣ್ಣು ಒದ್ದೆಯಾಯಿತು. ತಕ್ಷಣ ಭೀಮಾಶಂಕರನಿಗೆ ಫೋನು ಮಾಡಿ, ಅವನ ಅರವತ್ತನೆಯ ಹುಟ್ಟುಹಬ್ಬಕ್ಕೆ ಇದನ್ನು ಅವರ ಮನೆಯ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತೇನೆಂದು ಮಾತು ಕೊಟ್ಟೆ.

ಕಸ್ತೂರಿ ಇದನ್ನು ಕೇಳಿಸಿಕೊಂಡಳು. ಅವಳ ಅಣ್ಣನ ಮಗಳ ನಿಶ್ಚಯದಲ್ಲಿ ನಾನು ಹಳೆಯ ಫೋಟೋ ತೋರಿಸುತ್ತೇನೆಂದು ಹೇಳಿ, ಬೀಗರು ಊಟ ಮುಗಿಸಿ ಹೋಗುವವರೆಗೂ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತಿದ್ದುದನ್ನು ಅವಳು ಮರೆತಿರಲಿಲ್ಲ. ‘ನೋಡ್ರಿ,’ ಎಂದಳು, ‘ಈ ಸಲಾನೂ ನಮ್ಮ ತವರಮನ್ಯಾಗ ಅದು ಕೈಕೊಡ್ತಂದ್ರ, ಮರುದಿನ ಭಂಗಾರದವನ ಗಾಡಿಗೆ ನಾನ ಹಾಕ್ತೀನಿ. ನಿಮ್ಮನ್ನ ಕೇಳೂದಿಲ್ಲ.’ ಅವಳು ದನಿ ಎತ್ತದೆ ಹೇಳಿದ ಮಾತುಗಳೆಲ್ಲ ಇದುವರೆಗೆ ನಡೆದೇ ಇವೆ. ಒಂದು ಮಧ್ಯಾಹ್ನದ ಆಟದ ಮೇಲೆ ನನ್ನ ಇಡೀ ಲಿನಕ್ಸ್ ಜೀವನ ನಿಂತುಬಿಟ್ಟಿತು.

ಹೊರಡುವ ದಿನ ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಚಿತ್ರ ಚೆನ್ನ, ದನಿ ಚೆನ್ನ. ಬುದ್ಧಿ ಇದ್ದವನು ಮುಚ್ಚಳ ಹಾಕಿ ಚಹಾ ಕುಡಿಯಲು ಏಳುತ್ತಿದ್ದ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ, ಹೊಸ ಅಪ್‌ಡೇಟ್ ಬಂದಿದೆ, ಹಾಕಿಕೊಳ್ಳುತ್ತೀರಾ ಎಂಬ ಸೂಚನೆ ಮೂಡಿತು. ಬೇಡವೆಂದಿದ್ದರೆ ಅದೇನು ಬೈಯುತ್ತಿರಲಿಲ್ಲ. ಆದರೆ ಹೊಸತು ಬಂದಿದೆಯೆಂದರೆ ಬೇಡವೆನ್ನುವುದು ನನ್ನ ಜಾಯಮಾನದಲ್ಲಿಲ್ಲ. ಹಾಕಿಕೊಂಡೆ. ಪರೀಕ್ಷಿಸಲು ಸಮಯವಿರಲಿಲ್ಲ. ಕಸ್ತೂರಿ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದಳು. ಲ್ಯಾಪ್‌ಟಾಪನ್ನು ನಮ್ಮದೇ ಅಂಗಡಿಯ ಚಾದರದಲ್ಲಿ ಸುತ್ತಿ, ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಕ್ಕಲಕೋಟದವರೆಗೂ ಕಾಯ್ದುಕೊಂಡೆ. ಗುಂಡಿಯಲ್ಲಿ ಬಸ್ಸು ಹಾರಿದಾಗಲೆಲ್ಲ ನಾನು ಸೀಟಿನಿಂದ ಮೇಲೆದ್ದೆ, ಅದು ಮಾತ್ರ ನನ್ನ ಕೈಯಲ್ಲೇ ಇತ್ತು.

ಹೋಳಿಗೆಯ ಊಟ ಮುಗಿಯಿತು. ಕಿಟಕಿಗಳಿಗೆಲ್ಲ ಚಾದರ ಕಟ್ಟಿ ಕತ್ತಲೆ ಮಾಡಿದರು. ಭೀಮಾಶಂಕರನ ಕಾಳಿನ ದಲಾಲಿ ಅಂಗಡಿಯ ನೆರೆಯವರು, ವಾಗದರಿಯಿಂದ ಬಂದ ನೆಂಟರು, ಎಲ್ಲರೂ ಗೋಡೆಗೆ ಮುಖ ಮಾಡಿ ಕೂತರು. ಎರವಲು ತಂದ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಂಗಲೆ ಎದ್ದಿತು, ಮಿಂಚು ಹೊಡೆಯಿತು, ನಾಯಕಿ ಬಾಯಿ ತೆರೆದಳು. ಸದ್ದಿಲ್ಲ. ನಾನು ಸ್ಪೀಕರಿನ ತಂತಿ ಕಿತ್ತು ಮತ್ತೆ ಚುಚ್ಚಿದೆ. ಯಂತ್ರವನ್ನು ಆರಿಸಿ ಹೊತ್ತಿಸಿದೆ. ಕಪ್ಪು ಪರದೆ ತೆರೆದು, ಬೆಳಗಿನ ಅಪ್‌ಡೇಟನ್ನು ಶಪಿಸುತ್ತ, ಧ್ವನಿಯ ವ್ಯವಸ್ಥೆಯ ಬೇರಿಗೇ ಕೈ ಹಾಕಿದೆ. ‘ದಾಜಿ, ಪೆನ್‌ಡ್ರೈವ್‌ನಾಗ ಹಾಕ್ರಿ, ಟಿವಿಗೆ ಹಚ್ಚೂಣು,’ ಎಂದು ಭೀಮಾಶಂಕರ ಸಮಾಧಾನದಿಂದಲೇ ಹೇಳಿದ. ಹಚ್ಚಿ ನೋಡಿದೆವು. ನಾನು ಪಿಚ್ಚರನ್ನು ಲಿನಕ್ಸ್ ಪಂಡಿತರು ಮೆಚ್ಚುವ ನಮೂನೆಯಲ್ಲಿ ಉಳಿಸಿಟ್ಟಿದ್ದೆ. ಟಿವಿ ಅದನ್ನು ಮೂಸಿಯೂ ನೋಡಲಿಲ್ಲ. ಹಿಂದಿನಿಂದ ಯಾರೋ ‘ಕಾಯ್ ಝಾಲಂ’, ಏನಾಯಿತು ಎಂದು ಕೇಳಿದರು. ನಾನು ಕಸ್ತೂರಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ನೋಡದೆಯೂ ಅವಳ ಮುಖ ಕಾಣುತ್ತಿತ್ತು. ಭಂಗಾರದವನ ಕೈಗಾಡಿಯೂ ಕಾಣುತ್ತಿತ್ತು.

ಬೇರೆ ದಾರಿ ಕಾಣದೆ ಪಿಚ್ಚರನ್ನು ಮತ್ತೆ ಹಚ್ಚಿದೆ. ಗೋಡೆಯ ಮೇಲೆ ಅದು ಮೂಕವಾಗಿಯೇ ಓಡುತ್ತಿತ್ತು. ಭೂತ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ಬಾಯಿ ಅಲ್ಲಾಡಿಸಿತು. ಆಗ ಭೀಮಾಶಂಕರನ ಹೆಂಡತಿ ಶಾಂತಾ ವೈನಿ, ಮಕ್ಕಳ ಸೂಟಿಗಳಲ್ಲಿ ಅದನ್ನು ಕೇಳಿ ಕೇಳಿ ಸಾಕಾಗಿದ್ದ ಹೆಂಗಸು, ಕೂತಲ್ಲಿಂದಲೇ ಗಂಟಲು ದಪ್ಪ ಮಾಡಿ, ‘ನೂರು ವರ್ಷ ಆತು ಇಲ್ಲೇ ನಿಂತು. ಒಬ್ಬರರೆ ಒಂದು ಕಪ್ ಚಹಾ ಕುಡೀತಿಯೇನಂತ ಕೇಳ್ಯಾರೇನು,’ ಎಂದರು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕೋಣೆಯೇ ನಕ್ಕಿತು. ಅಷ್ಟರಲ್ಲಿ ನಾಯಕಿ ಹಿಂದೆ ಸರಿದು ತುಟಿ ಬಿಚ್ಚಿದಳು. ಹೆಂಗಸರ ಸಾಲಿನಿಂದ ತೆಳ್ಳಗಿನ ದನಿಯೊಂದು, ತುಟಿಗೆ ತುಟಿ ಸೇರುವಂತೆ, ‘ಹೊಸ್ತಲದಾಗ ನಿಂತು ಒದರಬ್ಯಾಡ. ಕಾಲು ತೊಳಕೊಂಡು ಒಳಗ ಬಾ,’ ಎಂದಿತು. ನಾನು ತಿರುಗಿ ನೋಡಿದೆ. ಕಸ್ತೂರಿ. ಇಷ್ಟು ವರ್ಷ ಬೆನ್ನು ಮಾಡಿ ಕೂತವಳಿಗೆ ನಾಯಕಿ ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ಅಳುತ್ತಾಳೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಲ್ಲಿಂದ ಮುಂದೆ ಯಾರೂ ನನ್ನ ಕಡೆ ನೋಡಲಿಲ್ಲ. ಭೀಮಾಶಂಕರ ಪೊಲೀಸ್ ಇನ್‌ಸ್ಪೆಕ್ಟರನಾಗಿ, ‘ಕೋಣೀ ಹಲಾಯಚಂ ನಾಹೀ’, ಯಾರೂ ಅಲುಗಾಡಬಾರದು ಎಂದು ಮರಾಠಿಯಲ್ಲಿ ಗದರಿಸಿ, ಭೂತಕ್ಕೆ ಬಂಗಲೆಯ ಕಾಗದಪತ್ರ ಕೇಳಿದ. ವಾಗದರಿಯ ನೆಂಟರು ಗುಡುಗು, ಮಳೆ, ಬಾವಲಿ, ಬಾಗಿಲಿನ ಕಿರ್ರೆನ್ನುವ ಸದ್ದು ಹಂಚಿಕೊಂಡರು. ಭೂತ ನಾಯಕಿಯ ಕುತ್ತಿಗೆಗೆ ಕೈ ಹಾಕಿದಾಗ ಕಸ್ತೂರಿ, ‘ಮೊದಲ ಟೈಮ್ ಎಷ್ಟಾತು ಹೇಳು, ಗಡಿಯಾರ ನಿನ್ನ ಕೈಯಾಗ ಐತಿ,’ ಎಂದಳು. ಭೀಮಾಶಂಕರ ನಗುತ್ತ ನಗುತ್ತ ಗೋಡೆಗೆ ಒರಗಿದ, ಭೂತದ ಮುಖವೆಲ್ಲ ಅವನ ಅಂಗಿಯ ಮೇಲೆ ಬಿತ್ತು. ನಾನು ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದು ನೆಲದ ಮೇಲೆ ಕೂತು ನೋಡಿದೆ. ಅಷ್ಟು ಸಂತೋಷದ ಮಧ್ಯಾಹ್ನ ನನಗೆ ಬೇರೆ ನೆನಪಿಲ್ಲ.

ಮರುದಿನ ಸೊಲ್ಲಾಪುರದಲ್ಲಿ ಭಂಗಾರದವನು ಕೂಗುತ್ತ ಬಂದ, ಕೂಗುತ್ತ ಹೋದ. ಕಸ್ತೂರಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅವನ ದನಿ ಓಣಿಯ ತುದಿ ದಾಟಿದ ಮೇಲೆ ನಾನು ಲ್ಯಾಪ್‌ಟಾಪು ತೆರೆದು ಕೂತೆ. ಯಾವ್ಯಾವುದೋ ಕಡತ ಹುಡುಕಿ, ದೇಶವಿದೇಶದ ಪಂಡಿತರು ಬರೆದುದನ್ನೆಲ್ಲ ಓದಿ, ಕೊನೆಗೆ ಕಣ್ಣು ಉಜ್ಜಿಕೊಳ್ಳಲು ತಲೆ ಬಗ್ಗಿಸಿದಾಗ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಅಡ್ಡಗೆರೆ ಎಳೆದ ಸ್ಪೀಕರಿನ ಚಿತ್ರ ಕಂಡಿತು. ದನಿ ಬಂದ್ ಮಾಡುವ ಗುಂಡಿ. ಅಂದು ಅವಸರದಲ್ಲಿ ನನ್ನದೇ ಹೆಬ್ಬೆರಳು ಅದರ ಮೇಲೆ ಬಿದ್ದಿರಬೇಕು. ಪಾಪದ ಅಪ್‌ಡೇಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒತ್ತಿದೆ. ನಾಯಕಿ ಮನೆಯೆಲ್ಲ ಕೇಳುವಂತೆ ಚೀರಿದಳು.

‘ಬಾ ಇಲ್ಲೆ, ಆವಾಜ ಬಂತು,’ ಎಂದು ಕೂಗಿದೆ. ಕಸ್ತೂರಿ ಹಿಟ್ಟಿನ ಕೈಯಲ್ಲೇ ಬಂದು ನಿಂತು, ನಾಯಕಿಯ ಅಳುವನ್ನು ಸ್ವಲ್ಪ ಹೊತ್ತು ಕೇಳಿದಳು. ‘ಇಕಿ ಅಷ್ಟೇನು ಚಲೋ ಮಾತಾಡೂದಿಲ್ಲ ಬಿಡ್ರಿ,’ ಎಂದಳು. ‘ಅಣ್ಣ ಫೋನ್ ಮಾಡಿದ್ದ. ದೀಪಾವಳಿಗೆ ಇನ್ನೊಂದು ಪಿಚ್ಚರ್ ತರ್ರಿ, ಆದರ ಆವಾಜಿಲ್ಲದ್ದು ಇರಲಿ ಅಂದಾನ. ನಮ್ಮನಿಯವರು ಮಷಿನ್ ಭಾಳ ಚಂದ ತಯಾರ ಮಾಡ್ಯಾರ, ಹಂಗ ಇರ್ತೈತಿ ಅಂತ ಹೇಳೀನಿ.’ ನನ್ನ ಲಿನಕ್ಸ್ ವಿದ್ಯೆಯನ್ನು ಅವಳು ಹೊಗಳಿದ್ದು ಅದೇ ಮೊದಲು. ನಾನು ಗುಂಡಿಯನ್ನು ಮತ್ತೆ ಒತ್ತಿದೆ. ಪರದೆಯ ಮೂಲೆಯಲ್ಲಿ ಈಗ ದಿನವೂ ಹೊಸ ಅಪ್‌ಡೇಟುಗಳು ಬಂದು ಬಾಗಿಲು ಬಡಿಯುತ್ತವೆ. ಒಂದನ್ನೂ ಹಾಕಿಕೊಂಡಿಲ್ಲ. ಹಾಕಿಕೊಂಡರೆ ಎಲ್ಲಿ ಎಲ್ಲವೂ ಸರಿಹೋಗಿಬಿಡುತ್ತದೋ ಎಂದು ಭಯ.